ಮೊದಲು ತೂಬು ಮುಚ್ಚು

ಬೆಂಗಳೂರಿನಿಂದ ಬಂದ ಬಸ್ಸಿನ ಕಂಡಕ್ಟರು ಸುತಳಿ ಕಟ್ಟಿದ ಕಾಗದದ ಹೊರೆಯನ್ನು ನನ್ನ ಕೈಗೆ ದಾಟಿಸಿ, "ಸಾರ್, ಈ ಸಲ ಭಾರ ಐತೆ. ನಿಮ್ಮ ಮಿಷಿನ್ನು ಪಾಸಾಯ್ತೋ ಡುಮ್ಕಿನೋ?" ಎಂದು ಕೇಳಿದ. ಹಿರಿಯೂರು ಬಸ್‌ಸ್ಟ್ಯಾಂಡಿನಲ್ಲೇ ನಿಂತು ಕೊನೆಯ ಹಾಳೆ ಬಿಡಿಸಿದೆ. ಕಾಲುವೆಯ ಮೊದಲ ತೂಬಿನಿಂದ ಹಿಡಿದು ಕೊನೆಯದರವರೆಗೆ ತೂಬಿಗೊಂದು ಸಾಲು. ಎಲ್ಲದರ ಮುಂದೆಯೂ ಅದಕ್ಕೆ ಸಿಗುವ ನೀರಿನ ಏನೋ ಒಂದು ಅಂಕಿ. ಕೊನೆಯ ತೂಬಿನ ಮುಂದೆ ಮಾತ್ರ ಸೊನ್ನೆ. ಉತ್ತರವಂತೂ ಬಂದಿತ್ತು. "ಪಾಸು" ಎಂದೆ. ಅವನಿಗೆ ಅಷ್ಟೇ ಸಾಕಿತ್ತು, ಬಸ್ಸಿನ ಬಾಗಿಲು ಬಡಿದು ಹೊರಟುಹೋದ.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ಮಾರಿಕಣಿವೆಯ ಕಾಲುವೆ ನೀರನ್ನು ತೂಬಿನಿಂದ ತೂಬಿಗೆ ಸರದಿಯ ಮೇಲೆ ಬಿಡುವ ಹೊಸ ಕ್ರಮವೊಂದನ್ನು ತರಬೇಕೆಂದು ಮೇಲಿನವರು ತೀರ್ಮಾನಿಸಿದ್ದರು. ಅಲ್ಲಿಯವರೆಗೆ ಇದ್ದದ್ದು, ಮೇಲಿನ ಊರಿನವರು ಸಾಕೆನಿಸುವಷ್ಟು ತೆಗೆದುಕೊಂಡು ಮಿಕ್ಕದ್ದು ಕೆಳಗಿನವರಿಗೆ ಎಂಬ ಕ್ರಮ. ಅದನ್ನು ಕ್ರಮ ಎಂದು ಕರೆಯುವುದು ನನ್ನ ದಾಕ್ಷಿಣ್ಯ. ಹೊಸ ಸರದಿಯಲ್ಲಿ ಯಾರಿಗೆ ಎಷ್ಟು ಮುಟ್ಟುತ್ತದೆ ಎಂಬುದನ್ನು ಕಾಲುವೆಗೆ ಇಳಿಸುವ ಮುಂಚೆ ಕಂಪ್ಯೂಟರಿನಲ್ಲಿ ಆಡಿಸಿ ನೋಡಿ ಎಂದರು. ಬೆಂಗಳೂರಿನ ಒಂದು ವಿದ್ಯಾಸಂಸ್ಥೆಯಲ್ಲಿ ಅಂಥ ಯಂತ್ರವಿತ್ತು. ತರಬೇತಿಗೆ ಹಿರಿಯೂರು ಕಚೇರಿಯ ಇಂಜಿನಿಯರಾದ ನನ್ನನ್ನು ಕಳಿಸಿದರು. ನನ್ನನ್ನೇ ಯಾಕೆ ಎಂದರೆ, ನಾನು ಎಲ್ಲಕ್ಕೂ ಹೆದರುವವನೆಂದು ಜಿಲ್ಲೆಗೆಲ್ಲ ಗೊತ್ತಿತ್ತು. ಮನೆಗೆ ಬೀಗ ಹಾಕಿ ಬೀದಿಯ ಕೊನೆಯವರೆಗೆ ಹೋದವನು ವಾಪಸು ಬಂದು ಎಳೆದು ನೋಡುವ ಪೈಕಿ. ಇಂಥವನು ಅಷ್ಟು ಬೆಲೆಯ ಮಿಷಿನ್ನನ್ನು ಕೆಡಿಸಲಾರ ಎಂದು ಚಿತ್ರದುರ್ಗದ ದೊಡ್ಡ ಸಾಹೇಬರು ಲೆಕ್ಕ ಹಾಕಿದ್ದರು.

ನಾನು ಕಲಿತು ಬಂದ ಭಾಷೆಯ ಹೆಸರು ಸಿಮುಲಾ. ಅದರಲ್ಲಿ ಒಂದೊಂದು ತೂಬೂ ಒಂದೊಂದು ಜೀವಿಯಂತೆ ಇರುತ್ತದೆ. ಸರದಿ ಬರುವವರೆಗೆ ಮಲಗಿರುತ್ತದೆ, ಬಂದಾಗ ಎದ್ದು ಕಾಲುವೆಯನ್ನು ಹಿಡಿಯುತ್ತದೆ, ತನ್ನ ಹೊತ್ತು ಮುಗಿದ ಮೇಲೆ ಬಿಟ್ಟು ಮತ್ತೆ ಮಲಗುತ್ತದೆ. ಒಬ್ಬರು ಬಿಡುವವರೆಗೆ ಇನ್ನೊಬ್ಬರು ಹಿಡಿಯುವಂತಿಲ್ಲ. ತೂಬು ಎಂದರೇನು ಎಂಬುದನ್ನು ಒಂದು ಸಲ ಬರೆದಿಟ್ಟರೆ ಅದು ಕ್ಲಾಸು. ಆ ಅಚ್ಚಿನಿಂದ ಎಷ್ಟು ತೂಬುಗಳನ್ನು ಬೇಕಾದರೂ ಹುಟ್ಟಿಸಬಹುದು, ಹುಟ್ಟಿದ್ದು ಆಬ್ಜೆಕ್ಟು. ತಾಯಿ ಕ್ಲಾಸಿನ ಕೆಳಗೆ ಮಕ್ಕಳ ಕ್ಲಾಸುಗಳನ್ನೂ ಮಾಡಬಹುದು. ನಾನು ತಿರುಪಿನ ತೂಬು, ಹಲಗೆಯ ತೂಬು, ಕಲ್ಲಿನ ತೂಬು ಎಂದು ಮೂರು ಮಕ್ಕಳನ್ನು ಮಾಡಿದ್ದೆ. ಹಿರಿಯೂರಿನಲ್ಲಿ ಕೂತು ಚೌಕುಳಿ ಹಾಳೆಯ ಮೇಲೆ ಪೆನ್ಸಿಲಿನಿಂದ ಬರೆಯುವುದು, ಅದು ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುವುದು, ಅಲ್ಲಿ ಯಾರೋ ಅದನ್ನು ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆದು ಮಿಷಿನ್ನಿಗೆ ತಿನ್ನಿಸುವುದು, ಉತ್ತರ ಮತ್ತೆ ಬಸ್ಸಿನಲ್ಲಿ ಬರುವುದು. ಒಂದು ಅರ್ಧವಿರಾಮ ಮರೆತರೆ ಒಂದು ವಾರ ಹೋಯಿತೆಂದೇ ಲೆಕ್ಕ.

ಎಲ್ಲ ಸರಿಯಾಗಿ ನಡೆದರೆ ಪ್ರೋಗ್ರಾಮು ಸುಲಭ. ಸರಿಯಾಗಿ ನಡೆಯದಿದ್ದರೆ ಏನು ಎಂಬುದು ನನ್ನ ಸ್ವಂತ ಕ್ಷೇತ್ರ. ತಿರುಪು ಕಚ್ಚಿಕೊಳ್ಳಬಹುದು. ಏಡಿ ಬಿಲದಿಂದ ಏರಿ ಒಡೆಯಬಹುದು. ಗುದ್ದಲಿ ಹಿಡಿದು ಜಗಳವಾಗಬಹುದು. ಇವನ್ನೆಲ್ಲ ಸೇರಿಸಿದ್ದೆ. ಸಾವನ್ನೂ ಸೇರಿಸಿದ್ದೆ.

ನಮ್ಮ ಕಾಲುವೆಯ ಮೇಲೆ ಸಾವಿಗೆ ಒಂದು ಪದ್ಧತಿ ಇತ್ತು. ತೂಬು ನೋಡಿಕೊಳ್ಳುವ ನೀರುಗಂಟಿಯ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಅವನಿಗೆ ಸೂತಕ. ಅದು ಕಳೆಯುವವರೆಗೆ ತೂಬಿನ ಕೀಲಿ ಮುಟ್ಟುವಂತಿಲ್ಲ. ಸೂತಕ ಶುರುವಾಗುವುದು ಸುದ್ದಿ ಕಿವಿಗೆ ಬಿದ್ದ ಮೇಲೆ. ಹಾಗಾಗಿ ಸುದ್ದಿ ತಂದವನು ಹತ್ತಿರ ಹೋಗುತ್ತಿರಲಿಲ್ಲ. ದೂರದ ಏರಿಯ ಮೇಲೆ ನಿಂತು "ತೂಬು ಮುಚ್ಚಿ ಬಾರೋ" ಎಂದಷ್ಟೇ ಕೂಗುತ್ತಿದ್ದ. ನೀರುಗಂಟಿ ಮುಚ್ಚಿ, ಕೀಲಿಯನ್ನು ಕಲ್ಲಿನ ಮೇಲಿಟ್ಟು ಬಂದ ಮೇಲೆ ಯಾರು ಹೋದರು ಎಂದು ಹೇಳುವುದು. ಕೂಗು ಕೇಳಿದಾಗಲೇ ಅವನಿಗೆ ಎಲ್ಲ ಗೊತ್ತಾಗಿರುತ್ತಿತ್ತು, ಬಿಡಿ. ಆದರೂ ಹೇಳುವವರೆಗೆ ಗೊತ್ತಾದಂತಲ್ಲ.

ಸಾಹೇಬರು ಪ್ರೋಗ್ರಾಮಿನಲ್ಲಿ ಇದನ್ನು ನೋಡಿ ನಕ್ಕಿದ್ದರು. "ಏನ್ರೀ, ಕಂಪ್ಯೂಟರಿಗೂ ಮೈಲಿಗೆ ಮಾಡ್ತೀರಾ?"

ಸೊನ್ನೆಯ ಹಾಳೆಯನ್ನು ಚಿತ್ರದುರ್ಗಕ್ಕೆ ತೆಗೆದುಕೊಂಡು ಹೋದಾಗ ಅವರು ನಗಲಿಲ್ಲ, ಖುಷಿಪಟ್ಟರು. ಕಾಲುವೆಯ ಕೊನೆಯ ತುಂಡಿನ ರಿಪೇರಿ ಅವರಿಗೆ ಹಳೆಯ ತಲೆನೋವು. "ನೋಡ್ರಿ, ಹೊಸ ಸರದೀಲೂ ಅಲ್ಲಿಗೆ ನೀರು ಹೋಗಲ್ಲ ಅಂತ ಮಿಷಿನ್ನೇ ಹೇಳ್ತೈತೆ. ಆ ತೂಬಿಗೆ ಸಿಮೆಂಟು ಹಾಕಿ ಮುಚ್ಚಿಬಿಡಾಣ. ಆ ಹೊಲಗಳನ್ನ ಅಚ್ಚುಕಟ್ಟಿಂದ ತೆಗೆದುಹಾಕಾಣ. ಮೀಟಿಂಗಿಗೆ ಇದೇ ಹಾಳೆ ಇಡ್ರಿ."

ಅಚ್ಚುಕಟ್ಟಿನಿಂದ ತೆಗೆದ ಹೊಲಕ್ಕೆ ಮತ್ತೆ ಕಾಲುವೆ ನೀರು ಕೇಳುವ ಹಕ್ಕಿಲ್ಲ. "ಸಾರ್, ಇನ್ನೊಂದು ಸಲ ನೋಡ್ತೀನಿ" ಎಂದೆ.

"ನೀವು ಬೀಗ ಎಳೆದು ನೋಡೋರಲ್ವಾ, ನೋಡ್ರಿ ನೋಡ್ರಿ. ಆದ್ರೆ ಮೀಟಿಂಗಿನೊಳಗೆ ಆಗಬೇಕು."

ಕಚೇರಿಯ ಸುದ್ದಿ ಕಾಲುವೆ ನೀರಿಗಿಂತ ಬೇಗ ಕೊನೆಯ ಊರು ಮುಟ್ಟುತ್ತದೆ. ನಾನು ಹಿರಿಯೂರಿಗೆ ವಾಪಸಾದ ಮಾರನೆಯ ದಿನವೇ ಆ ಊರಿನ ಒಬ್ಬ ಹೆಂಗಸು ಬಂದು ನನ್ನ ಮೇಜಿನ ಮುಂದೆ ನಿಂತಳು. ಐವತ್ತು ದಾಟಿದ ಗಟ್ಟಿ ಜೀವ. ಕೊನೆಯ ತೂಬಿನ ಬುಡದಲ್ಲೇ ಅವಳ ಹೊಲ.

"ಏನಪ್ಪ, ನಿನ್ನ ಮಿಷಿನ್ನು ನಮ್ಮ ತೂಬಿಗೆ ತಿಥಿ ಗೊತ್ತು ಮಾಡೈತಂತೆ?"

"ಕುಂತ್ಕಳ್ರಿ ಅಮ್ಮ."

"ಕುಂತ್ಕಳಾಕೆ ಬಂದಿಲ್ಲ. ಅದು ಯಾವತ್ತಾರ ನಮ್ಮೂರಿಗೆ ಬಂದಿತ್ತಾ?"

"ಅದು ಬರಾಕಾಗಲ್ಲ. ಬೆಂಗಳೂರಾಗೇ ಇರ್ತೈತೆ."

"ಭೇಷ್. ಬೆಂಗಳೂರಾಗೆ ಕುಂತು ನಮ್ಮ ಹೊಲ ಒಣಗಿಸ್ತೈತಾ? ಮೇಲಿನ ಹೊಲದ ನಮ್ಮ ಮೈದುನ ಇಷ್ಟು ದಿನ ಮಗ್ಗುಲಾಗೆ ಕುಂತೇ ಒಣಗಿಸ್ತಿದ್ದ, ಅವನೇ ವಾಸಿ."

ಎದುರು ಮೇಜಿನ ಡ್ರಾಫ್ಟ್ಸ್‌ಮನ್ ಮುಖ ಬಗ್ಗಿಸಿಕೊಂಡು ನಕ್ಕರು. ಇವರು ನನ್ನ ವಯಸ್ಸಿನವರೇ. ನನ್ನ ಚಿಂತೆಗಳನ್ನು ಕೇಳಿಸಿಕೊಳ್ಳುವ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತಿದ್ದರು.

"ಯಾಕೆ ಸೊನ್ನೆ ಬಂತು, ಅಷ್ಟು ಹೇಳು" ಎಂದಳು ಆಕೆ.

"ಗೊತ್ತಿಲ್ಲ ಅಮ್ಮ."

"ಗೊತ್ತಿಲ್ದೆ ಸಿಮೆಂಟು ತರಿಸ್ತೀರಾ?"

ಆಕೆ ಹೋದ ಮೇಲೆ ಚೌಕುಳಿ ಹಾಳೆ ಎಳೆದುಕೊಂಡೆ.

ಪ್ರೋಗ್ರಾಮಿಗೆ ಹೊಸ ಸಾಲುಗಳನ್ನು ಸೇರಿಸಿ ಕಳಿಸಿದೆ. ಪ್ರತಿ ತೂಬೂ ಕಾಲುವೆಯನ್ನು ಹಿಡಿದಾಗ ಒಂದು ಸಾಲು, ಬಿಟ್ಟಾಗ ಒಂದು ಸಾಲು ಅಚ್ಚಾಗಬೇಕು. ಉತ್ತರ ಬಂದಾಗ ಕಂಡಕ್ಟರು ಕೂಲಿ ಕೇಳುವುದೊಂದು ಬಾಕಿ. ಡ್ರಾಫ್ಟ್ಸ್‌ಮನ್ನರ ನೀಲಿ ಪೆನ್ಸಿಲು ಇಸಿದುಕೊಂಡು ಹಿಡಿದದ್ದಕ್ಕೂ ಬಿಟ್ಟದ್ದಕ್ಕೂ ಗಂಟು ಹಾಕುತ್ತಾ ಹೋದೆ. ಹಿಡಿದೆ, ಬಿಟ್ಟೆ. ಹಿಡಿದೆ, ಬಿಟ್ಟೆ. ಒಂದು ಕಡೆ ಹಿಡಿದೆ ಎಂದಿತ್ತು, ಮುಂದಿನ ಸಾಲಿನಲ್ಲಿ ಸೂತಕ ಎಂದಿತ್ತು, ಆಮೇಲೆ ಏನೂ ಇರಲಿಲ್ಲ. ಬಿಟ್ಟೆ ಎಂಬುದು ಎಷ್ಟು ಹುಡುಕಿದರೂ ಸಿಗಲಿಲ್ಲ.

ಆಗಿದ್ದು ಇಷ್ಟು. ಸರದಿಯ ಮಧ್ಯೆ ಏನಾದರೂ ಕೆಟ್ಟರೆ ಏನು ಮಾಡಬೇಕೆಂದು ಹೇಳಲು ಆ ಭಾಷೆಯಲ್ಲಿ ಪ್ರತ್ಯೇಕ ವ್ಯವಸ್ಥೆ ಇರಲಿಲ್ಲ. ಗೋಟು ಎಂಬ ಒಂದು ನೆಗೆತವಿತ್ತು: ಇಲ್ಲಿಂದ ಬಿಟ್ಟು ಅಲ್ಲಿಗೆ ಹೋಗು. ನಾನು ಏನು ಬರೆದಿದ್ದೆನೆಂದರೆ, ಸಾವಾದರೆ ಮೊದಲು 'ಸೂತಕ' ಎಂದು ಅಚ್ಚು ಹಾಕು, ಆಮೇಲೆ ಕೊನೆಗೆ ನೆಗೆ. ಕಾಲುವೆಯನ್ನು ಬಿಡುವ ಸಾಲು ಮಧ್ಯದಲ್ಲಿತ್ತು. ಅದರ ಮೇಲೆ ಹಾರಿಹೋಗುತ್ತಿತ್ತು. ತೂಬು ಹೋಯಿತು, ಅದರ ಕೈಯ ಹಿಡಿತ ಮಾತ್ರ ಉಳಿಯಿತು. ಹಿಂದೆ ಸಾಲಾಗಿ ನಿಂತವರು ಬರದ ಸರದಿಗೆ ಕಾಯುತ್ತಾ ಉಳಿದರು. ಸುತ್ತು ಹೊಸದಾಗಿ ಶುರುವಾದರೂ ಪ್ರತಿ ಸುತ್ತಿನಲ್ಲೂ ಮೇಲಿನ ಯಾವುದೋ ಒಂದು ತೂಬಿಗೆ ಏನಾದರೊಂದು ಆಗಿಯೇ ಆಗುತ್ತಿತ್ತು. ನಡುವಿನವರಿಗೆ ಕೆಲವು ಸುತ್ತಿನಲ್ಲಿ ಸಿಕ್ಕಿ, ಕೆಲವದರಲ್ಲಿ ತಪ್ಪಿ, ಒಟ್ಟಿನ ಮೇಲೆ ಏನೋ ಒಂದು ಅಂಕಿ ಬರುತ್ತಿತ್ತು. ಕಟ್ಟಕಡೆಯಲ್ಲಿ ನಿಂತಿದ್ದ ತೂಬಿಗೆ ಯಾವ ಸುತ್ತಿನಲ್ಲೂ ಏನೂ ಬರುತ್ತಿರಲಿಲ್ಲ.

ಕಾಲುವೆಯ ಪದ್ಧತಿಯನ್ನು ಇಷ್ಟು ಚೆನ್ನಾಗಿ ತಿಳಿದಿದ್ದವನು ಅದನ್ನು ತಲೆಕೆಳಗು ಮಾಡಿ ಯಾಕೆ ಬರೆದೆ? ಬಹಳ ಯೋಚಿಸಬೇಕಾಗಲಿಲ್ಲ. ನಾನು ಸರ್ಕಾರಿ ಕಚೇರಿಯವನು. ಏರಿ ಒಡೆದರೆ ನಾವು ಮೊದಲು ಮೇಲಿನವರಿಗೆ ವರದಿ ಮಾಡುತ್ತೇವೆ, ಮಣ್ಣು ಆಮೇಲೆ. ನನ್ನ ತೂಬುಗಳೂ ಅದನ್ನೇ ಮಾಡಿದ್ದವು.

ತಿದ್ದಿದೆ. ಎಲ್ಲೆಲ್ಲಿ ನೆಗೆತವಿತ್ತೋ ಅಲ್ಲೆಲ್ಲ ಅದಕ್ಕೂ ಮುಂಚೆ 'ಮುಚ್ಚು, ಬಿಡು' ಎಂದು ಸೇರಿಸಿದೆ. ಮೂರು ಬಗೆಯ ತೂಬು, ಒಂದೊಂದಕ್ಕೂ ಕೆಡುವ ದಾರಿ ಹಲವು, ಒಂದೊಂದು ದಾರಿಗೂ ಅದೇ ಸಾಲು. ಡ್ರಾಫ್ಟ್ಸ್‌ಮನ್ ಹಾಳೆ ನೋಡಿ, "ಏನ್ ಸಾರ್, ಮನೆಯಾಗಿರೋ ಕಿಟಕಿಗೆಲ್ಲ ಬೀಗ ಜಡೀತಿದೀರಾ? ಒಂದು ಮರೆತ್ರೆ?" ಎಂದರು. "ಮರೆಯೋನಲ್ಲ ನಾನು" ಎಂದೆ. ಜೀವನದಲ್ಲಿ ಅಪರೂಪಕ್ಕೆ ಬಂದ ಧೈರ್ಯ. ಹಲಗೆಯ ತೂಬಿನಲ್ಲಿ ಜಗಳದ ದಾರಿಯೊಂದನ್ನು ಮರೆತಿದ್ದೆ. ಉತ್ತರದಲ್ಲಿ ಕೊನೆಯ ತೂಬಿಗೆ ಮತ್ತೆ ಸೊನ್ನೆ.

ಮೀಟಿಂಗು ಹತ್ತಿರ ಬರುತ್ತಿತ್ತು. ಆ ಮರೆತ ದಾರಿಯನ್ನು ಸರಿಪಡಿಸುತ್ತಾ ಕೂತಿದ್ದ ಒಂದು ಬೆಳಿಗ್ಗೆ ಹೊರಗಿನ ಕೋಣೆಯಲ್ಲಿ ಫೋನು ಬಂತು. ಡ್ರಾಫ್ಟ್ಸ್‌ಮನ್ ಎದ್ದು ಹೋದರು. ಬಂದವರು ಬಾಗಿಲಲ್ಲೇ ನಿಂತರು, ಒಳಗೆ ಬರಲಿಲ್ಲ.

"ಸಾರ್, ಮೇಜು ಎತ್ತಿಡ್ರಿ."

"ಯಾಕ್ರೀ?"

"ಎತ್ತಿಡ್ರಿ. ಆಮೇಲೆ ಹೇಳ್ತೀನಿ."

ಹಾಳೆಗಳನ್ನು ಜೋಡಿಸಿದೆ. ಸುತಳಿ ಕಟ್ಟಿದೆ. ಪೆನ್ಸಿಲುಗಳನ್ನು ಡಬ್ಬಿಗೆ ಹಾಕಿದೆ. ಬೀರುವಿಗೆ ಬೀಗ ಹಾಕಿ ಎಳೆದು ನೋಡಿದೆ. ಕೀಲಿಯನ್ನು ಅವರ ಮೇಜಿನ ಮೇಲಿಟ್ಟೆ. ಇದನ್ನೆಲ್ಲ ಯಾರೋ ಮಾಡುತ್ತಿದ್ದರು, ನಾನು ನೋಡುತ್ತಿದ್ದೆ.

"ಬಿ.ದುರ್ಗದ ನಿಮ್ಮ ಅಕ್ಕ" ಎಂದರು ಅವರು.

ಅಕ್ಕ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಇಷ್ಟೇ ಬರೆಯುತ್ತೇನೆ.

ಚಿತ್ರದುರ್ಗದಲ್ಲಿ ಬಸ್ಸು ಬದಲಿಸಿ, ಹೊಳಲ್ಕೆರೆಯಲ್ಲಿ ಇಳಿದು, ಅಲ್ಲಿಂದ ಯಾರದೋ ಲಾರಿಯಲ್ಲಿ ಬಿ.ದುರ್ಗಕ್ಕೆ ಹೋದೆ. ಅಳು ಬರಲಿಲ್ಲ. ಬರಬಹುದೆಂದು ದಾರಿಯುದ್ದಕ್ಕೂ ಕಾದೆ; ಬರದೇ ಇದ್ದರೆ ಜನ ಏನಂದಾರು ಎಂದು ಅದೂ ಒಂದು ಚಿಂತೆಯಾಯಿತು. ಹೊಸದುರ್ಗದ ತವರಿಗೆ ಹೋಗಿದ್ದ ನನ್ನ ಹೆಂಡತಿ ಅಲ್ಲಿಂದಲೇ ಬಂದಿದ್ದಳು. ನನ್ನನ್ನು ಕಂಡವಳು ಅಭ್ಯಾಸಬಲದಿಂದ "ಬೀಗ ಎಳೆದು ನೋಡಿದ್ರಾ?" ಎಂದು ಕೇಳಿ, ಕೂಡಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನೋಡ್ದೆ" ಎಂದೆ.

ಮಣ್ಣು ಮುಗಿಯಿತು. ಅಂಗಳದಲ್ಲಿ ಕೂತವರು ಮಾತಾಡಿದ್ದೆಲ್ಲ ಮೋಟರಿನ ಬಗ್ಗೆ. ಭಾವ ಬಾವಿಯ ಹತ್ತಿರ ಈರುಳ್ಳಿ ಮಡಿಗೆ ನೀರು ಬಿಟ್ಟುಕೊಂಡಿದ್ದಾಗ ಯಾರೋ ಓಡಿಬಂದು, ನಿಮ್ಮನೆಯವರು ಬಿದ್ದುಬಿಟ್ಟವ್ರೆ ಎಂದರಂತೆ. ಭಾವ ಮೊದಲು ಮೋಟರು ಆರಿಸಿ, ನೀರು ಕಟ್ಟೆ ಒಡೆದು ಪಕ್ಕದವರ ಕಣಕ್ಕೆ ನುಗ್ಗದಂತೆ ಕಾಲುವೆ ಬಾಯಿಗೆ ಮಣ್ಣು ಕೊಟ್ಟು, ಆಮೇಲೆ ಓಡಿದರಂತೆ.

"ಹೆಂಡ್ತಿ ಬಿದ್ದವ್ಳೆ ಅಂದ್ರೆ ಮೋಟ್ರು ನೋಡ್ಕಂಡು ಬಂದ್ನಲ್ಲೇ, ಏನ್ ಗಂಡಸಪ್ಪ!"

"ಅಷ್ಟೊತ್ಗೆ ಉಸಿರಿತ್ತಂತೆ ಕಣೆ. ಎಲ್ಲವ್ರೆ ಅಂತ ಕೇಳಿದ್ಲಂತೆ. ಇವ್ನು ಹೊಸ್ಲು ದಾಟೋದ್ರಾಗೆ ಹೋಗೈತೆ."

ಭಾವನಿಗೆ ಕೇಳಿಸುವಷ್ಟು ಜೋರಾಗಿಯೇ ಹೇಳುತ್ತಿದ್ದರು. ಮೋಟರಿನ ಮಾತೇ ಇಡೀ ಅಂಗಳ ತುಂಬಿತು. ಅಕ್ಕ ಹೇಗೆ ಬಿದ್ದಳು, ಏನು ನೋವಿತ್ತು, ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಅಲ್ಲಿ ಉಳಿದ ದಿನಗಳಲ್ಲಿ ಒಂದು ಮಧ್ಯಾಹ್ನ ಭಾವ ನನ್ನ ಹತ್ತಿರ ಬಂದು ನಿಂತರು. ಅರವತ್ತರ ಹತ್ತಿರದ ಮನುಷ್ಯ, ಎಂದೂ ಹೆಚ್ಚು ಮಾತಾಡಿದವರಲ್ಲ.

"ಲೇ, ಕೈಗೆ ಗಡಿಯಾರ ಐತಾ?"

"ಐತೆ ಭಾವ."

"ಬಾ ಹೋಗಾಣ."

ಹೊಲಕ್ಕೆ ಕರೆದುಕೊಂಡು ಹೋದರು. ಮಡಿಯ ಮಧ್ಯೆ ಒಂದು ಜಾಗದಲ್ಲಿ ನಿಂತರು. "ಇಲ್ಲಿದ್ದೆ ನಾನು. ನೀನು ಲೆಕ್ಕದೋನು. ಎಷ್ಟೊತ್ತು ಕಳ್ದೆ ನಾನು, ನೋಡಿ ಹೇಳು." ನಾನು ಏನಾದರೂ ಹೇಳುವುದರೊಳಗೆ ಹೊರಟರು. ಮೋಟರಿನ ಗೂಡಿಗೆ ಹೋಗಿ ಗುಂಡಿ ಒತ್ತಿದರು. ಮೋಟರು ಆಗಲೇ ಆರಿಯೇ ಇತ್ತು. ಸಲಿಕೆ ತೆಗೆದುಕೊಂಡು ಕಾಲುವೆಯ ಬಾಯಿಗೆ ಬಂದು ಮಣ್ಣು ಎಳೆದು ಹಾಕಿದರು, ನೀರು ಇರಲಿಲ್ಲ. ಕಾಲಿನಿಂದ ತುಳಿದು ಗಟ್ಟಿ ಮಾಡಿದರು. ಸಲಿಕೆ ನೆಟ್ಟರು. ಬದುವಿನವರೆಗೆ ಓಡಿ ನಿಂತರು. ನಾನು ಗಡಿಯಾರ ನೋಡಿದೆ. ಮುಳ್ಳು ಎಷ್ಟು ಸರಿದಿತ್ತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಅವರು ಏದುಸಿರು ಬಿಡುತ್ತಿದ್ದರು. "ಕೈ ತಾನೇ ಹೋಯ್ತು ಕಣಪ್ಪ. ನಾನು ಯೋಚನೆ ಮಾಡ್ಲೇ ಇಲ್ಲ. ಎತ್ತು ಕಟ್ಟಿ ಕಪಿಲೆ ಹೊಡೆದು ನೀರೆತ್ತುತಿದ್ದ ಕಾಲದಾಗೆ ನಮ್ಮಪ್ಪ ಹೇಳ್ತಿದ್ದ, ಮನೆಗೆ ಬೆಂಕಿ ಬಿದ್ರೂ ಎತ್ತಿನ ಕಣ್ಣಿ ಬಿಚ್ಚದೆ ಬಾವಿ ಬಿಟ್ಟು ಬರಬ್ಯಾಡ, ಎತ್ತು ಬಾವಿಗೆ ಬೀಳ್ತವೆ ಅಂತ. ಅದು ನನ್ನ ಕೈಯಾಗಿಲ್ಲ, ನಮ್ಮಪ್ಪನ ಕೈ ಅದು." ವಾಪಸು ಬಂದು ನೆಟ್ಟ ಸಲಿಕೆ ಕಿತ್ತುಕೊಂಡು ಕೇಳಿದರು. "ಎಷ್ಟಾಯ್ತು?"

"ಸೊನ್ನೆ ಅನ್ರಿ ಭಾವ. ಲೆಕ್ಕಕ್ಕೇ ಬರಲ್ಲ."

"ಹಂಗಾ" ಎಂದು ಸಲಿಕೆಯ ಮಣ್ಣನ್ನು ಕೈಯಿಂದ ಒರೆಸಿದರು.

ವಾಪಸು ಬರುವಾಗ ಬಸ್ಸಿನ ಕಿಟಕಿಯ ಪಕ್ಕ ಕೂತಿದ್ದೆ. ದುಃಖ ಇನ್ನೂ ಬಂದಿರಲಿಲ್ಲ. ಬದಲಿಗೆ ಬಂದದ್ದು ಇದು: ತೂಬು ಮುಚ್ಚುವ ಕೆಲಸವನ್ನು ನಾನು ಮಕ್ಕಳ ಕ್ಲಾಸುಗಳಿಗೆ ಹೇಳಿಕೊಟ್ಟಿದ್ದೆ. ಒಂದೊಂದು ಮಗುವಿಗೂ, ಒಂದೊಂದು ಕಷ್ಟಕ್ಕೂ ಬೇರೆ ಬೇರೆಯಾಗಿ. ಅದು ತಾಯಿಯಲ್ಲಿ ಇರಬೇಕಿತ್ತು.

ಸಿಮುಲಾದಲ್ಲಿ ಇದಕ್ಕೆ ದಾರಿಯಿತ್ತು. ತಾಯಿ ಕ್ಲಾಸಿನ ಮಧ್ಯೆ 'ಇನ್ನರ್' ಎಂಬ ಒಂದು ಪದ ಬರೆಯಬಹುದು. ತಾಯಿ ತನ್ನ ಮೊದಲ ಸಾಲುಗಳನ್ನು ಮಾಡಿ, ಆ ಪದ ಬಂದಾಗ ಮಗುವಿಗೆ ಜಾಗ ಬಿಡುತ್ತಾಳೆ. ಮಗು ತನ್ನ ಕೆಲಸ ಮಾಡುತ್ತದೆ. ಮಗುವಿನದು ಮುಗಿದ ಮೇಲೆ ಹಿಡಿತ ಮತ್ತೆ ತಾಯಿಗೆ ಬಂದು, ಉಳಿದ ಸಾಲುಗಳು ನಡೆಯುತ್ತವೆ. ತರಬೇತಿಯಲ್ಲಿ ಕೇಳಿದ್ದೆ, ಉಪಯೋಗ ಏನೆಂದು ಹೊಳೆದಿರಲಿಲ್ಲ. ಹಿರಿಯೂರಿಗೆ ಬಂದವನು ಬೀರು ತೆಗೆದು, ಕಿಟಕಿಗಳಿಗೆ ಜಡಿದಿದ್ದ ಬೀಗಗಳನ್ನೆಲ್ಲ ಉಜ್ಜಿ ಅಳಿಸಿದೆ. ತಾಯಿ ತೂಬಿನಲ್ಲಿ ಹೀಗೆ ಬರೆದೆ: ಕಾಲುವೆ ಹಿಡಿ, ಇನ್ನರ್, ತೂಬು ಮುಚ್ಚು, ಕಾಲುವೆ ಬಿಡು, ಕಾರಣವಿದ್ದರೆ ಈಗ ಹೇಳು. ಮಗು ಎಲ್ಲಿಗೂ ನೆಗೆಯುವಂತಿಲ್ಲ, ತನ್ನ ಕೊನೆಯ ಸಾಲಿಗೆ ಮಾತ್ರ ನೆಗೆಯಬಹುದು. ಏನು ಕೆಟ್ಟಿತೆಂಬುದನ್ನು ಒಂದು ಚೀಟಿಯ ಹಾಗೆ ಕೈಯಲ್ಲಿ ಹಿಡಿದಿಟ್ಟುಕೊಳ್ಳಬೇಕು, ಕೂಗಬಾರದು. ಮುಚ್ಚಿದ ಮೇಲೆ ತಾಯಿ ಕೂಗುತ್ತಾಳೆ.

ಡ್ರಾಫ್ಟ್ಸ್‌ಮನ್ ಹಾಳೆ ಓದಿ ತಾವೇ ಸುತಳಿ ಕಟ್ಟಿದರು. ಬಾಗಿಲಲ್ಲಿ ನಿಂತಿದ್ದ ಆ ಬೆಳಿಗ್ಗೆ ಇಬ್ಬರಿಗೂ ನೆನಪಿತ್ತು.

ಕೊನೆಯ ತೂಬಿಗೆ ನೀರು ಬಂತು. ಆದರೆ ಕಾರಣಗಳ ಪಟ್ಟಿ ವಿಚಿತ್ರವಾಗಿತ್ತು. ಕಾಲುವೆಯ ಮೇಲೆ ಸಾವು ತೀರ ಅಪರೂಪ, ಎಲ್ಲೆಲ್ಲೂ ತಿರುಪು ಕಚ್ಚಿಕೊಂಡದ್ದೇ. ನೋಡಿದರೆ, ಸಾವಿನ ಸುದ್ದಿಗೆ ತೂಬು ಮುಚ್ಚಲು ಹೋದಾಗ ಎಷ್ಟೋ ಸಲ ತಿರುಪು ಕಚ್ಚಿಕೊಳ್ಳುತ್ತಿತ್ತು. ಮುಚ್ಚುವ ಕೆಲಸದಲ್ಲೇ ಬಂದ ಆ ಹೊಸ ತೊಂದರೆ ಚೀಟಿಯಲ್ಲಿದ್ದ ಹಳೆಯ ಕಾರಣವನ್ನು ಅಳಿಸಿ ತನ್ನ ಹೆಸರು ಬರೆದುಕೊಳ್ಳುತ್ತಿತ್ತು. ಮೊದಲು ಏನಾಯಿತೆಂಬುದು ಕಳೆದುಹೋಗುತ್ತಿತ್ತು. ಬಿ.ದುರ್ಗದ ಅಂಗಳ ನೆನಪಾಯಿತು. ಚೀಟಿಯಲ್ಲಿ ಮೊದಲಿನದು ಮೊದಲೇ ಇರಬೇಕು, ಆಮೇಲಿನದು ಅದರ ಕೆಳಗೆ ಎಂದು ತಿದ್ದಿದೆ. ಮುಚ್ಚಲಾಗದ ತೂಬು ಕೂಡ ಕಾಲುವೆಯನ್ನು ಬಿಡಲೇಬೇಕು ಎಂದೂ ಬರೆದೆ.

ಮೀಟಿಂಗಿಗೆ ಮುಂಚೆ ಇನ್ನೊಂದೇ ಸಲ ಹಾಳೆ ಕಳಿಸಲು ಸಮಯವಿತ್ತು. ಆಗ ಆ ಸಾಲು ಕಣ್ಣಿಗೆ ಬಿತ್ತು. ತೂಬು ಮುಚ್ಚು. ಅದಕ್ಕೆ ನಾನು ಹೊತ್ತೇ ಕೊಟ್ಟಿರಲಿಲ್ಲ. ಪ್ರೋಗ್ರಾಮಿನೊಳಗೆ ನೀರು ಹರಿಯಲು ಹೊತ್ತು ಬೇಕು, ಸರದಿ ಮುಗಿಯಲು ಹೊತ್ತು ಬೇಕು, ಮುಚ್ಚಲು ಮಾತ್ರ ಸೊನ್ನೆ. ಕಣ್ಣು ಮಿಟುಕಿಸುವುದರೊಳಗೆ ಮುಚ್ಚಿ ಆಗಿರುತ್ತಿತ್ತು.

"ಹೋಗ್ಲಿ ಬಿಡ್ರಿ ಸಾರ್" ಎಂದರು ಡ್ರಾಫ್ಟ್ಸ್‌ಮನ್. "ಹೊತ್ತು ಹಾಕಿದ್ರೆ ಯಾರ ಪಾಲಿಂದ ಹೋಗೋದು? ಆ ಕೊನೇ ತೂಬಿಂದೇ. ಮತ್ತೆ ಸೊನ್ನೆಗೆ ಬಂದ್ರೆ? ಸಿಮೆಂಟು ತಯಾರೈತೆ."

ಅವರು ಹೇಳಿದ್ದು ಸರಿ. ನಾನು ಹೆದರಿದ್ದೂ ಅದಕ್ಕೇ. ಮುಂದೆ ಕಾಲುವೆಯ ಮೇಲೆ ಹೊಸ ಸರದಿ ಬಂದಾಗ ನೀರುಗಂಟಿಗಳು ಸೊನ್ನೆ ಹೊತ್ತಿನಲ್ಲಿ ಮುಚ್ಚಲಾರರು. ಕಾಗದದ ಮೇಲೆ ಉಳಿದ ತೂಬು ನೆಲದ ಮೇಲೆ ಒಣಗಿದರೆ, ಆ ಹೆಂಗಸು ಮತ್ತೆ ಬಂದು ನಿಲ್ಲುತ್ತಾಳೆ, ಆಗ ಮಿಷಿನ್ನನ್ನು ಬಯ್ಯಲೂ ಆಗುವುದಿಲ್ಲ. ಸೈಕಲ್ಲು ಹತ್ತಿ ಕಾಲುವೆಯ ಮೇಲೆ ಹೋಗಿ ಕೆಲವು ತೂಬುಗಳನ್ನು ಮುಚ್ಚಿಸಿ ನೋಡಿದೆ. ಕೀಲಿ ತೆಗೆಯುವುದು, ತಿರುಪು ಇಳಿಸುವುದು, ಸೋರುವ ಕಡೆ ಮಣ್ಣು ಕೊಡುವುದು. ಬಿ.ದುರ್ಗದಲ್ಲಿ ಗಡಿಯಾರದಲ್ಲಿ ಕಂಡದ್ದೇ ಹೆಚ್ಚುಕಡಿಮೆ ಬಂತು. ಒಂದು ಸ್ವಲ್ಪ ಆಚೆ, ಒಂದು ಸ್ವಲ್ಪ ಈಚೆ. ಯಾವುದನ್ನು ಬರೆಯಲಿ ಎಂದು ಏರಿಯ ಮೇಲೆ ಕೂತು ಯೋಚಿಸಿದೆ. ಬಿ.ದುರ್ಗದ್ದನ್ನೇ ಬರೆದೆ. 'ತೂಬು ಮುಚ್ಚು' ಎಂಬ ಸಾಲಿನ ಕೆಳಗೆ ಇಷ್ಟು ಹೊತ್ತು ತಡೆ ಎಂಬರ್ಥದ 'ಹೋಲ್ಡ್' ಬರೆದು, ಕಂಸದೊಳಗೆ ಆ ಅಂಕಿ. ಕಂಡಕ್ಟರಿನ ಕೈಗೆ ಕೊಟ್ಟೆ.

ಉತ್ತರ ಮೀಟಿಂಗಿನ ದಿನ ಬೆಳಿಗ್ಗೆ ಬಂತು. ಹಾಳೆ ಬಿಡಿಸದೆ ಹಾಗೇ ಬಗಲಲ್ಲಿಟ್ಟುಕೊಂಡು ಚಿತ್ರದುರ್ಗದ ಬಸ್ಸು ಹತ್ತಿದೆ. ಐಮಂಗಲ ದಾಟಿದ ಮೇಲೆ ಬಿಡಿಸಿದೆ. ಕೊನೆಯ ತೂಬಿನ ಮುಂದೆ ಒಂದು ಅಂಕಿ ಇತ್ತು. ಕೇಳಿದ್ದಕ್ಕಿಂತ ಬಹಳ ಕಡಿಮೆ. ಆದರೆ ಸೊನ್ನೆಯಲ್ಲ.

ಸಾಹೇಬರು ಕನ್ನಡಕ ತೆಗೆದು ಹಾಕಿಕೊಂಡು ಎರಡು ಸಲ ಓದಿದರು. "ಹೋದ ಸಲ ಸೊನ್ನೆ ಅಂದ್ರಿ. ಈಗ ಇಷ್ಟು ಅಂತೀರಿ. ಯಾವುದನ್ನ ನಂಬಲಿ?"

"ಹೋದ ಸಲ ಸೂತಕದೋರು ಕಾಲುವೆ ಬಿಟ್ಟಿರ್ಲಿಲ್ಲ ಸಾರ್. ಈಗ ಮುಚ್ಚಿ, ಬಿಟ್ಟು ಹೋಗ್ತಾರೆ."

"ಮುಚ್ಚೋಕೆ ಈ ಹೊತ್ತು ಎಲ್ಲಿಂದ ತಂದ್ರಿ? ಅಂದಾಜಾ?"

"ಇಲ್ಲ ಸಾರ್. ಅಳೆದದ್ದು."

"ಎಳೆದು ನೋಡಿದೀರಾ?"

"ನೋಡಿದೀನಿ ಸಾರ್."

ಅವರು ಹಾಳೆಯನ್ನು ಮಡಿಸಿ ಪಕ್ಕಕ್ಕಿಟ್ಟರು. "ಹಂಗಾದ್ರೆ ಸಿಮೆಂಟು ಬೇರೆ ಕಡೆಗೆ ಕಳಿಸಾಣ. ತೂಬು ಇರ್ಲಿ." ಮುಂದಿನ ವಿಷಯಕ್ಕೆ ಹೋದರು. ಸಂತೋಷವಾಗಬೇಕಿತ್ತು. ಕಾದು ನೋಡಿದೆ, ಅದೂ ಬರಲಿಲ್ಲ. ಹೋಟೆಲಿನಲ್ಲಿ ಕಾಫಿ ಕುಡಿದು ಬಸ್ಸು ಹಿಡಿದೆ.

ಕೊನೆಯ ತೂಬಿನ ಹೆಂಗಸು ಸಂತೆಗೆ ಬಂದಾಗ ಕಚೇರಿಗೆ ಹಾದು ಹೋದಳು. ಥ್ಯಾಂಕ್ಸು ಹೇಳಲು ಬಂದಳೆಂದುಕೊಂಡೆ. "ಇಷ್ಟೇನಾ ಕೊಟ್ಟಿದ್ದು? ನಿನ್ನ ಮಿಷಿನ್ನಿಗೆ ಕೈ ಬಿಗಿ ಜಾಸ್ತಿ" ಎಂದಳು. ಮೇಜಿನ ಮೇಲೆ ಒಂದಿಷ್ಟು ಅವರೆಕಾಯಿ ಸುರಿದು ಹೋದಳು.

ಭಾವ ಹಿರಿಯೂರಿಗೆ ಬಂದದ್ದು ಹೊಸ ಸರದಿ ಕಾಲುವೆಗೆ ಇಳಿದ ಮೇಲೆ, ಮಂಡಿಗೆ ತೆಂಗಿನಕಾಯಿ ಹಾಕಲು. ವಾಪಸು ಬಸ್ಸಿಗೆ ಕಾಯುತ್ತಾ ನನ್ನ ಜೊತೆ ಕಲ್ಲುಬೆಂಚಿನ ಮೇಲೆ ಕೂತರು. ಮಾತಿಗೆ ಏನಾದರೂ ಬೇಕಲ್ಲ ಎಂದು ನಾನು ಆ ಕೊನೆಯ ತೂಬಿನ ಕಥೆ ಹೇಳಿದೆ. ಏರಿಯ ಮೇಲಿನ ಕೂಗು, ಕಲ್ಲಿನ ಮೇಲಿನ ಕೀಲಿ, ಮಿಷಿನ್ನಿಗೆ ಅದನ್ನು ಕಲಿಸಿದ್ದು, ಎಲ್ಲ. ಅವರು ನೆಲ ನೋಡುತ್ತಾ ಕೇಳಿಸಿಕೊಂಡರು.

"ಮುಚ್ಚಾಕೆ ಎಷ್ಟೊತ್ತು ಇಟ್ಟೆ, ಅದ್ರಾಗೆ?"

ಸುಳ್ಳು ಹೇಳಬಹುದಿತ್ತು. ಹಿಂದೆ ಒಂದು ಹೇಳಿದ್ದೆನಲ್ಲ. "ನೀವು ತಗಂಡಷ್ಟೇ ಭಾವ."

ಎದುರಿಗೆ ಹಣ್ಣಿನ ಗಾಡಿಯವನು ನೊಣ ಓಡಿಸುತ್ತಿದ್ದ. ಭಾವ ಅವನನ್ನೇ ನೋಡಿದರು.

"ಅವತ್ತು ಸೊನ್ನೆ ಅಂದಿದ್ದೆ."

"ಹೂಂ."

"ಮತ್ತೆ ಆ ಊರಿಗೆ ನೀರು ಬಂತಾ?"

"ಬಂತು. ಕಮ್ಮಿ. ಆದ್ರೆ ಬಂತು."

ಬಸ್ಸು ಬಂದು ನಿಂತಿತು. ಭಾವ ಟವಲು ಕೊಡವಿ ಹೆಗಲ ಮೇಲೆ ಹಾಕಿಕೊಂಡು ಎದ್ದರು. "ಹಂಗಾದ್ರೆ ಆ ಹೊತ್ತು ಅಷ್ಟೇ ಇರ್ಲಿ. ತಿದ್ದಬ್ಯಾಡ" ಎಂದು ಹತ್ತಿದರು.